ಗುಣವಾಗಿ ಬಂದವಳು

ನಾವು ಮೂವರು ಗೆಳತಿಯರಿಗೂ ಸಿನಿಮಾದ ಬಗ್ಗೆ ಬರೆಯುವ ಚಟ. ಈಚೆಗೆ 'ಶರಪಂಜರ'ದ ಮೇಲೆ ಬರೆದದ್ದನ್ನು ಅದಲುಬದಲು ಮಾಡಿಕೊಂಡು ಓದಿದೆವು. ಒಬ್ಬಳು ಕಲ್ಪನಾ ಅಭಿನಯವನ್ನು ಕೊಂಡಾಡಿದ್ದಳು. ಸರಿಯೇ, ಅದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಅವಳಿಗೆ ನೆನಪಿರುವುದೆಲ್ಲ ಹುಚ್ಚಿನ ದೃಶ್ಯಗಳೇ. ಇನ್ನೊಬ್ಬಳು, 'ಪಾಪ, ಗಂಡನಾದರೂ ಏನು ಮಾಡಿಯಾನು' ಎಂದು ಬರೆದಿದ್ದಳು. ಆ ಮಾತಿಗೆ ನಾನು ಜಗಳಕ್ಕೇ ನಿಂತೆ.

ನನ್ನ ಮಟ್ಟಿಗೆ ಕತೆ ಶುರುವಾಗುವುದೇ ಕಾವೇರಿ ಗುಣವಾಗಿ ಮನೆಗೆ ಬಂದ ಮೇಲೆ. ಹೆರಿಗೆಯ ನಂತರ ಕದಡಿದ ಮನಸ್ಸನ್ನು ಆಸ್ಪತ್ರೆ ತಿಳಿಯಾಗಿಸಿ ಕಳಿಸಿತು. ಮನೆಯವರು, ನೆರೆಯವರು ಮಾತ್ರ ಅವಳನ್ನು ಹುಚ್ಚಿಯೆಂದೇ ನೋಡಿದರು. ಗಂಡ ಅಷ್ಟರಲ್ಲಿ ಇನ್ನೊಬ್ಬಳ ಸಂಗ ಹಿಡಿದಿದ್ದ. ಅವಳು ಮತ್ತೆ ಆಸ್ಪತ್ರೆ ಸೇರಿದ್ದಕ್ಕೆ ಹೊಣೆ ಯಾರು? ನಮ್ಮ ಲೇಖನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾನೂ ಮೊದಲ ಸಲ ಬರೆದಾಗ ಹಾಡುಗಳನ್ನು ಹೊಗಳಿ ಮುಗಿಸಿದ್ದೆ!

ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ಈ ಚಿತ್ರವನ್ನು ಮೂಲ ಕಾದಂಬರಿ ಬರೆದ ತ್ರಿವೇಣಿ ನೋಡಲಿಲ್ಲ. ಬಾಣಂತಿಯ ಮನಸ್ಸಿನ ಕತೆ ಹೇಳಿದಾಕೆ 1963ರಲ್ಲಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡರು.

ಜಗಳವಾಡಿದ ಗೆಳತಿಗೆ ಕಾದಂಬರಿ ಕೊಟ್ಟು ಕಳಿಸಿದೆ. ಮೊನ್ನೆ ಹಿಂತಿರುಗಿಸುತ್ತ, 'ಓದಿದೆ ಕಣೇ, ಆದರೂ ಅವನೂ ಪಾಪವೇ' ಎಂದಳು. ಜಗಳ ಇನ್ನೂ ಮುಗಿದಿಲ್ಲ.