ಗೋಡೆಯಿಲ್ಲದ ಸೆರೆಮನೆಯ ಎರಡು ಕಣ್ಣು: ಶಾಂತಾರಾಮರ ಚಿತ್ರ ಮತ್ತು ಬೆಟಗೇರಿಯ ಸೆಟ್ಲಮೆಂಟ್

ವಿ. ಶಾಂತಾರಾಮರ ‘ದೋ ಆಂಖೇ ಬಾರಹ ಹಾಥ್’ (1957) ಚಿತ್ರವನ್ನು ಕುರಿತ ಬರವಣಿಗೆಗಳಲ್ಲಿ ಗಾಂಧಿವಾದ, ಮಾನವೀಯತೆ ಎಂಬ ಎರಡು ಪದಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಎರಡೂ ಸುಳ್ಳಲ್ಲ. ಆದರೆ ಆರು ದಶಕಗಳಾಚೆಗೂ ಈ ಚಿತ್ರ ನೋಡುಗರ ಗಂಟಲು ಕಟ್ಟಿಸುವುದೇಕೆ ಎಂಬ ಪ್ರಶ್ನೆಗೆ ಅವು ಉತ್ತರವಾಗಲಾರವು. ಗಾಂಧಿವಾದವನ್ನು ಸಾರಿದ ಎಷ್ಟೋ ಚಿತ್ರಗಳು ಇಂದು ಯಾರ ನೆನಪಿನಲ್ಲಿಯೂ ಇಲ್ಲ.

ಶಾಂತಾರಾಮರಿಗೂ ಧಾರವಾಡ ಸೀಮೆಗೂ ಇರುವ ನಂಟು ಹಳೆಯದು. ಕೊಲ್ಲಾಪುರದ ಈ ಹುಡುಗ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು, ಅಲ್ಲಿಯದೇ ತಗಡಿನ ಟಾಕೀಸೊಂದರಲ್ಲಿ ಬಾಗಿಲು ಕಾಯ್ದು ಸಿನಿಮಾದ ಮೊದಲ ಪಾಠ ಕಲಿತವನು. ಚಿತ್ರದ ಕಥಾಬೀಜವೂ ದೂರದ್ದಲ್ಲ. ಔಂಧ ಸಂಸ್ಥಾನದ ರಾಜ ಭವಾನರಾವ ಪಂತ ಪ್ರತಿನಿಧಿ, ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಅವರ ಪ್ರೇರಣೆಯಿಂದ ಆಟಪಾಡಿಯ ಹತ್ತಿರ 1930ರ ದಶಕದ ಕೊನೆಯಲ್ಲಿ ಆರಂಭಿಸಿದ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯೇ ಅದರ ಮೂಲ. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳ ಆಗ ಇದೇ ಸಂಸ್ಥಾನಕ್ಕೆ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಗ. ದಿ. ಮಾಡಗೂಳಕರರು ಈ ಪ್ರಯೋಗವನ್ನು ಕಥೆಯಾಗಿಸಿದರು.

ಕಥೆ ಸರಳ. ಆದಿನಾಥನೆಂಬ ಜೈಲರ್ ಆರು ಜನ ಕೊಲೆಗಡುಕರನ್ನು ತನ್ನ ಹೊಣೆಯ ಮೇಲೆ ಬಿಡಿಸಿಕೊಂಡು, ಪಾಳುಬಿದ್ದ ಹೊಲವೊಂದಕ್ಕೆ ಕರೆದೊಯ್ಯುತ್ತಾನೆ. ಬೇಡಿ ಇಲ್ಲ, ಗೋಡೆ ಇಲ್ಲ. ಬೆಳೆದ ಕಾಯಿಪಲ್ಲೆಯನ್ನು ಅವರು ಕಡಿಮೆ ಬೆಲೆಗೆ ಮಾರಲು ಸಂತೆಗಿಳಿದಾಗ ದಲಾಲಿಗಳು ತಿರುಗಿ ಬೀಳುತ್ತಾರೆ. ಕೈದಿಗಳು ಏಟು ತಿಂದರೂ ಕೈ ಎತ್ತುವುದಿಲ್ಲ. ಕೊನೆಗೆ ಹೋರಿಯ ತಿವಿತಕ್ಕೆ ಸಿಕ್ಕಿ ಆದಿನಾಥ ಸಾಯುತ್ತಾನೆ.

ಚಿತ್ರದ ಶಕ್ತಿಯಿರುವುದು ಈ ಘಟನೆಗಳಲ್ಲಲ್ಲ, ಶೀರ್ಷಿಕೆಯಲ್ಲಿರುವ ಕಣ್ಣುಗಳಲ್ಲಿ. ಕೈದಿಗಳಿಗೆ ಓಡಿಹೋಗಲು ದಾರಿ ತೆರೆದೇ ಇದೆ, ಓಡಲು ಹೊರಡುವುದೂ ಉಂಟು. ಆಗ ತಡೆಯುವುದು ಬಂದೂಕಲ್ಲ, ಆದಿನಾಥನ ಕಣ್ಣುಗಳು. ಹನ್ನೆರಡು ಕೈಗಳ ಮೇಲೆ ಎರಡು ಕಣ್ಣು: ಈ ಲೆಕ್ಕವೇ ಚಿತ್ರದ ವ್ಯಾಕರಣ. ಬಾಳಿನಲ್ಲಿ ಮೊದಲ ಸಲ ತಮ್ಮನ್ನು ಒಬ್ಬನು ಅನುಮಾನವಿಲ್ಲದೆ ನೋಡಿದನೆಂಬ ಅರಿವು ಆ ಒರಟರನ್ನು ಕಟ್ಟಿಹಾಕುತ್ತದೆ. ನಂಬಿಕೆಗೆ ಒಳಗಾಗುವುದು ಅನುಮಾನಕ್ಕೆ ಒಳಗಾಗುವುದಕ್ಕಿಂತ ಕಠಿಣವೆಂಬುದನ್ನು ಶಾಂತಾರಾಮರು ಮಾತಿಲ್ಲದೆ, ಮುಖಗಳ ಸಮೀಪ ಚಿತ್ರಗಳಿಂದಲೇ ತೋರಿಸುತ್ತಾರೆ. ಕಣ್ಣೀರು ಹುಟ್ಟುವುದು ಇಲ್ಲಿ.

ಇದೇ ಕಣ್ಣನ್ನು ಬೆಟಗೇರಿಯಿಂದ ನೋಡಿದರೆ ಅರ್ಥ ಬೇರೆಯಾಗುತ್ತದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ವಿಸ್ತಾರಗೊಂಡ ಮೇಲೆ ಮುಂಬಯಿ ಪ್ರಾಂತ್ಯದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ತಲೆಯೆತ್ತಿದವು. ಗಂಟಿಚೋರ, ಹರಣಶಿಕಾರಿ, ಕೊರವ ಮೊದಲಾದ ಸಮುದಾಯಗಳನ್ನು ಅವುಗಳಲ್ಲಿ ಇರಿಸಲಾಯಿತು. ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಓಣಿಯ ಹೆಸರಾಗಿಯೇ ಉಳಿದಿದೆ. ಅದೂ ಒಂದು ಬಯಲು ಬಂದೀಖಾನೆಯೇ: ಗಿರಣಿಯ ದುಡಿಮೆ, ಮಕ್ಕಳಿಗೆ ಶಾಲೆ, ಸುಧಾರಣೆಯ ಮಾತು, ತಪ್ಪದ ಹಾಜರಿ. ಆದರೆ ಅಲ್ಲಿದ್ದವರೆಲ್ಲ ಕೊಲೆ ಮಾಡಿ ಶಿಕ್ಷೆಗೊಳಗಾದವರಲ್ಲ. ಹುಟ್ಟೇ ಅವರ ಅಪರಾಧವಾಗಿತ್ತು. ಅವರ ಮೇಲಿದ್ದ ಕಣ್ಣೂ ಒಳಿತಿನ ಹೆಸರನ್ನೇ ಹೇಳುತ್ತಿತ್ತು. ಆ ಕಾಯ್ದೆ 1952ರಲ್ಲಿ ರದ್ದಾಯಿತು, ಐದು ವರ್ಷಕ್ಕೆ ಈ ಚಿತ್ರ ತೆರೆಕಂಡಿತು.

ಹೀಗಾಗಿ ಆದಿನಾಥನ ನೋಟವನ್ನು ಬರಿಯ ಕರುಣೆಯೆಂದು ಓದುವುದು ಅರೆಬರೆಯಾದೀತು. ಅದು ಕಾವಲಿನ ಕಣ್ಣೂ ಹೌದು; ಕಾವಲನ್ನು ಕೈದಿಯ ಮನಸ್ಸಿನೊಳಕ್ಕೇ ಸಾಗಿಸುವ ಕಣ್ಣು. ಅವನು ಸತ್ತ ಮೇಲೂ ಆ ಕಣ್ಣುಗಳು ಆಕಾಶದಲ್ಲಿ ಮೂಡಿ ನೋಡುತ್ತಲೇ ಇರುತ್ತವೆ. ಭಕ್ತಿಯಿಂದ ನೋಡಿದವರಿಗೆ ಅದು ಅಭಯ. ಹಾಜರಿ ಕೊಟ್ಟು ಬೆಳೆದವರಿಗೆ ಏನಾಗಿ ಕಂಡೀತು? ಚಿತ್ರದ ಭಾವಬಲ ಈ ಇಬ್ಬಂದಿಯನ್ನು ಮರೆಸುವುದರಲ್ಲಿ ಅಲ್ಲ, ಅದನ್ನು ಅರಿಯದೆಯೇ ಬಗಲಲ್ಲಿ ಹೊತ್ತು ನಡೆಯುವುದರಲ್ಲಿದೆ ಎಂದು ನನ್ನ ಅಭಿಪ್ರಾಯ. ಆದಿನಾಥ ತನ್ನ ಹುದ್ದೆಯನ್ನೂ ಕೊನೆಗೆ ಪ್ರಾಣವನ್ನೂ ಪಣಕ್ಕಿಟ್ಟ. ಸೆಟ್ಲಮೆಂಟಿನ ಅಧಿಕಾರಿಗೆ ಅಂಥ ಪಣವಿರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಈ ನೋಟದ ಹಂಗಿಗೆ ಒಳಗಾಗದೆ ಬಂದುಹೋಗುವವಳು ಆಟಿಕೆ ಮಾರುವ ಚಂಪಾ (ಸಂಧ್ಯಾ) ಒಬ್ಬಳೇ. ಅವಳ ಪಾತ್ರ ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅವಳ ಸದ್ದುಗದ್ದಲವಿಲ್ಲದಿದ್ದರೆ ಆ ಹೊಲ ಆಶ್ರಮವಾಗಿ ಬಿಡುತ್ತಿತ್ತು. ಭರತ ವ್ಯಾಸರು ಬರೆದು ವಸಂತ ದೇಸಾಯಿಯವರು ರಾಗ ಹಾಕಿದ ಪ್ರಾರ್ಥನೆಯಂತೂ ಚಿತ್ರದಿಂದ ಬೇರ್ಪಟ್ಟು ಶಾಲೆಗಳ ಪ್ರಾರ್ಥನೆಯೇ ಆಗಿಹೋಯಿತು. ಕೊಲೆಗಡುಕರಿಗಾಗಿ ಕಟ್ಟಿದ ಹಾಡನ್ನು ಮಕ್ಕಳು ಕೈಮುಗಿದು ಹಾಡುವುದು ಸಾಮಾನ್ಯ ಸಂಗತಿಯಲ್ಲ. ರಾಷ್ಟ್ರಪತಿಗಳ ಸ್ವರ್ಣಪದಕ, 1958ರ ಬರ್ಲಿನ್ ಬೆಳ್ಳಿ ಕರಡಿ ಇದರ ಮುಂದೆ ಚಿಕ್ಕವು.

ಕನ್ನಡದಲ್ಲಿ ಸೆರೆಮನೆಯ ಚಿತ್ರವೆಂದೊಡನೆ ನೆನಪಾಗುವ ಶಂಕರನಾಗ್ ಅವರ ‘ಮಿಂಚಿನ ಓಟ’ (1980) ಓಡುವವರ ಕಥೆ. ಅಲ್ಲಿ ತಡೆಯುವ ಕಣ್ಣಿಲ್ಲ. ಹೋಲಿಕೆಗೆ ಹೆಚ್ಚು ಒದಗುವುದು ಸಿನಿಮಾಕ್ಕಿಂತ ರಂಗಭೂಮಿ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಕಾರಾಗೃಹಗಳಲ್ಲಿ ಕಟ್ಟಿದ ನಾಟಕಗಳಲ್ಲಿ ಕೈದಿಗಳೇ ಬೆಳಕಿಗೆ ಬಂದು ನಿಂತರು. ನೋಡುವ ಕಣ್ಣುಗಳು ಆಗ ಎರಡಲ್ಲ, ಸಭಾಂಗಣದ ತುಂಬ. ನೋಡಿಸಿಕೊಳ್ಳುವವನು ವೇಷ ತೊಟ್ಟು ತಾನೇ ನೋಟಕ್ಕೆ ಒಡ್ಡಿಕೊಂಡವನು, ಪರದೆ ಬಿದ್ದ ಮೇಲೆ ಎಣಿಕೆಗೆ ನಿಲ್ಲಬೇಕಾದವನು.