ಚಿತ್ರಕಾರನ ಪಾಠಶಾಲೆ

ಕಾಳಿದಾಸ ಮಹಾಕವಿಯ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮೊಳಗೆ ಹೆಚ್ಚಿನವನಾರೆಂಬ ವಿವಾದವುಂಟಾಗಿ, ಅದು ರಾಜನ ಬಳಿಗೆ ಬರುವುದು. ಮಧ್ಯಸ್ಥೆಯಾದ ಪರಿವ್ರಾಜಿಕೆಯು ಆಗ ಒಂದು ಅಳತೆಗೋಲನ್ನು ಮುಂದಿಡುತ್ತಾಳೆ. ಕೆಲವರ ವಿದ್ಯೆ ಸ್ವಂತ ಪ್ರಯೋಗದಲ್ಲಿ ಬೆಳಗುವುದು, ಕೆಲವರದು ಶಿಷ್ಯರಿಗೆ ದಾಟಿಸುವುದರಲ್ಲಿ. ಎರಡೂ ಕೂಡಿದವನನ್ನು ಮಾತ್ರ ಶಿಕ್ಷಕರ ಮೊದಲಲ್ಲಿ ನಿಲ್ಲಿಸಬೇಕೆಂಬುದು ಅವಳ ಅಭಿಪ್ರಾಯದ ತಾತ್ಪರ್ಯ. ನಾಟ್ಯಕ್ಕೆ ಹೇಳಿದ ಈ ಮಾತು ಚಿತ್ರಕ್ಕೂ ಸಲ್ಲತಕ್ಕುದು. ಆದರೆ ಕನ್ನಡದಲ್ಲಿ ಚಿತ್ರವಿಮರ್ಶೆಯೆಂಬ ಹೆಸರಿನಿಂದ ನಡೆಯುವುದೆಲ್ಲವೂ ಬಹುಮಟ್ಟಿಗೆ ಮೊದಲನೆಯ ಗುಣವನ್ನೇ ಕುರಿತುದು. ಚಿತ್ರಕಾರನು ಬರೆದ ಪಟವನ್ನು ಗೋಡೆಗೆ ತೂಗಿದರೆ ನಾಲ್ಕು ಮಂದಿ ನಿಂತು ಗುಣದೋಷಗಳನ್ನೆಣಿಸುವರು. ಅದೇ ಚಿತ್ರಕಾರನು ವಾರವಾರವೂ ನಡೆಯಿಸುವ ತರಗತಿಯನ್ನು ಮಾತ್ರ ಹೊಟ್ಟೆಪಾಡಿನ ಸಂಗತಿಯೆಂದು ಬದಿಗಿಡುವರು. ಹೀಗೆ ಬದಿಗಿಡುವುದು ನ್ಯಾಯವೇ ಎಂಬುದು ಇಲ್ಲಿ ವಿಚಾರಕ್ಕೆ ಬಂದಿರುವ ಪ್ರಶ್ನೆ.

ಮಂಗಳೂರಿನ ಬಲ್ಮಠವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನೆತ್ತುವುದು ಅಪ್ರಸ್ತುತವಾಗದು. ಕೈಯ ಶಿಸ್ತಿಗೆ ಈ ಗುಡ್ಡವು ಹಳೆಯ ನೆಲೆ. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣವನ್ನು 1841ರಲ್ಲಿ ತೊಡಗಿದರು. ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು 1843ರಲ್ಲಿ ಅದೇ ವಿಧಾನದಿಂದ ಅಚ್ಚಾಗಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆನಿಸಿತು. ಕಲ್ಲಚ್ಚೆಂದರೆ ಮೊಳೆಗಳನ್ನು ಜೋಡಿಸುವ ಕೆಲಸವಲ್ಲ. ಜಿಡ್ಡಿನ ಮಸಿಯಿಂದ ಒಂದೊಂದು ಅಕ್ಷರವನ್ನೂ ಕೈಯಾರೆ ಬರೆದು ಕಲ್ಲಿಗಿಳಿಸಬೇಕು. ಆದುದರಿಂದ ಕನ್ನಡದ ಮೊದಲ ಪತ್ರಿಕೆಯು ಒಂದು ವಿಧದಲ್ಲಿ ರೇಖೆಯ ಕೆಲಸವೇ ಆಗಿದ್ದಿತು. ಬಲ್ಮಠದಿಂದ ಅಲ್ಪ ದೂರದಲ್ಲಿಯೇ ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವಿರುವುದು. ಇಟಲಿ ದೇಶದ ಅಂತೋನಿಯೋ ಮೊಸ್ಕೇನಿಯೆಂಬ ಜೆಸುವಿತ ಸಹೋದರನು 1899ರಿಂದ 1901ರ ವರೆಗೆ ಅದರ ಗೋಡೆಗಳನ್ನೂ ಚಾವಣಿಯನ್ನೂ ಚಿತ್ರಗಳಿಂದ ತುಂಬಿದನು. ಹಸಿಗಾರೆಯ ಮೇಲೆ ಬರೆಯುವವನು ಗಾರೆ ಆರುವುದರೊಳಗೆ ಕೆಲಸ ಮುಗಿಸಬೇಕು. ಬರೆದು ಅಳಿಸಿ ಮತ್ತೆ ಬರೆಯುವ ಅವಕಾಶ ಅಲ್ಲಿಲ್ಲ. ಕೈ ನಡುಗದಂತೆ ಪಳಗುವುದೆಂದರೇನೆಂಬುದನ್ನು ಕಾಣಬಯಸುವ ಮಕ್ಕಳಿಗೆ ಅದಕ್ಕಿಂತ ಸಮೀಪದ ಪಾಠ ಬೇರೊಂದಿಲ್ಲ.

ಇದೇ ಊರಿನಲ್ಲಿ ಬಿ. ಜಿ. ಮಹಮ್ಮದರ ಕಲಾಶಾಲೆಯೂ ಮಹಾಲಸಾ ಕಲಾಶಾಲೆಯೂ ಅನೇಕರಿಗೆ ಕುಂಚ ಹಿಡಿಯುವುದನ್ನು ಕಲಿಸಿವೆ. ಇಂತಹ ಹೆಸರಾಂತ ಶಾಲೆಗಳ ಹೊರಗೆ ಇನ್ನೊಂದು ಬಗೆಯ ಶಾಲೆಯುಂಟು. ಮಾಳಿಗೆಯ ಮೇಲಿನ ಒಂದು ಕೋಣೆ, ಹತ್ತಿಪ್ಪತ್ತು ಮಣೆಗಳು, ಶನಿವಾರ ಆದಿತ್ಯವಾರಗಳಂದು ಹೆಗಲಿಗೆ ಚೀಲ ತೂಗಿಕೊಂಡು ಬರುವ ಮಕ್ಕಳು. ಗೋಡೆಯ ಕಡೆಗೆ ಮುಖ ತಿರುಗಿಸಿಟ್ಟ, ಇನ್ನೂ ಮುಗಿಯದ ಗುರುವಿನ ಸ್ವಂತ ಚಿತ್ರ. ಆ ಮುಗಿಯದ ಚಿತ್ರದ ಸ್ಥಿತಿಗತಿಯೇ ತರಗತಿಯ ಯೋಗ್ಯತೆಯನ್ನೂ ನಿರ್ಣಯಿಸುವುದೆಂಬುದನ್ನು ಮುಂದೆ ತೋರಿಸಬೇಕಾಗಿದೆ.

ಶುಲ್ಕ ತೆಗೆದುಕೊಂಡು ಕಲಿಸುವವನು ಕಲೆಯನ್ನು ಮಾರಿದವನೆಂಬ ಆಕ್ಷೇಪವು ಹಳೆಯದು. ಅದಕ್ಕೆ ಆಧಾರವಾಗಿ ಗಣದಾಸನ ಮಾತನ್ನೇ ಎತ್ತಿ ಹೇಳುವವರುಂಟು. ಕೇವಲ ಜೀವನೋಪಾಯಕ್ಕಾಗಿ ಶಾಸ್ತ್ರವನ್ನಿಟ್ಟುಕೊಂಡವನು ಜ್ಞಾನವನ್ನು ಸರಕಾಗಿಸಿದ ವರ್ತಕನೆಂದು ಅವನು ನುಡಿದುದು ದಿಟ. ಆದರೆ ಆ ಮಾತಿನ ಪೂರ್ವಾರ್ಧವನ್ನು ಮರೆಯಲಾಗದು. ತನಗೆ ಸ್ಥಾನವು ದೊರೆಯಿತೆಂದು ನೆಮ್ಮದಿಗೊಂಡು, ಪರೀಕ್ಷೆಗೆ ಅಂಜಿ, ಪರರ ನಿಂದೆಯನ್ನು ಸಹಿಸಿಕೊಂಡಿರುವವನನ್ನು ಕುರಿತು ಅವನು ಹಾಗೆ ಹೇಳುವನು. ಗಣದಾಸನೂ ವೇತನ ಪಡೆದು ಕಲಿಸುವವನೇ ಆಗಿದ್ದನಲ್ಲವೆ? ಅವನ ತಿರಸ್ಕಾರವು ವೇತನಕ್ಕಲ್ಲ, ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಹೇಡಿತನಕ್ಕೆ. ಚಿತ್ರಕಾರನಿಗೆ ಪರೀಕ್ಷೆಯೆಂದರೆ ಖಾಲಿ ಹಾಳೆ. ಅದರ ಮುಂದೆ ಪ್ರತಿದಿನವೂ ಕುಳಿತುಕೊಳ್ಳುವವನು ಎಷ್ಟು ಶುಲ್ಕವನ್ನು ಪಡೆದರೂ ವರ್ತಕನಾಗನು. ಕುಳಿತುಕೊಳ್ಳುವುದನ್ನು ಬಿಟ್ಟವನು ಧರ್ಮಾರ್ಥವಾಗಿ ಕಲಿಸಿದರೂ ವರ್ತಕನೇ ಸರಿ.

ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿ ದೇಶಪ್ರಸಿದ್ಧರಾದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಜೀವನವು ಈ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಹೆಬ್ಬಾರರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯನ್ನು ಕಂಡು, ಮುಂಬಯಿಗೆ ಹೋಗಿ, ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರು ನಡೆಯಿಸುತ್ತಿದ್ದ ನೂತನ ಕಲಾಮಂದಿರವನ್ನು ಸೇರಿದರು. ಜೆ. ಜೆ. ಕಲಾಶಾಲೆಯ ಡಿಪ್ಲೊಮಾ 1938ರಲ್ಲಿ ದೊರೆಯಿತು. ಹೆಬ್ಬಾರರ ಕೀರ್ತಿಯನ್ನು ವರ್ಣಿಸುವವರು ಜೆ. ಜೆ. ಶಾಲೆಯ ಹೆಸರನ್ನು ದೊಡ್ಡದಾಗಿ ಬರೆಯುವರು. ನೂತನ ಕಲಾಮಂದಿರದ ಹೆಸರು ಒಂದು ವಾಕ್ಯದಲ್ಲಿ ಮುಗಿಯುವುದು. ಆದರೂ ಊರು ಬಿಟ್ಟು ಬಂದ ಬಡ ಯುವಕನಿಗೆ ಮೊದಲು ತೆರೆದ ಬಾಗಿಲು ಅಂತಹ ಖಾಸಗಿ ತರಗತಿಯದೇ. ದೊಡ್ಡ ಶಾಲೆಯು ಸಿದ್ಧನಾಗಿ ಬಂದವನನ್ನು ಪರೀಕ್ಷಿಸಿ ಸೇರಿಸಿಕೊಳ್ಳುವುದು. ಸಿದ್ಧಗೊಳಿಸುವ ಭಾರವು ಸಣ್ಣ ಶಾಲೆಯ ಮೇಲೆ ಬೀಳುವುದು.

ಹೆಬ್ಬಾರರು ತಾವೂ 1940ರಿಂದ 1945ರ ವರೆಗೆ ಜೆ. ಜೆ. ಶಾಲೆಯಲ್ಲಿ ಅಧ್ಯಾಪಕರಾಗಿದ್ದರು, ಆ ಬಳಿಕ ಚಿತ್ರರಚನೆಯನ್ನೇ ನೆಚ್ಚಿ ಹೊರಬಂದು, 1949–50ರಲ್ಲಿ ಪ್ಯಾರಿಸಿನ ಜೂಲಿಯನ್ ಅಕಾಡೆಮಿಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಕಲಿಸುವ ಕೆಲಸವು ಚಿತ್ರಕಾರನ ಹೊತ್ತನ್ನು ನುಂಗುವುದೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ತೋರಿಸಬಹುದು. ಅದು ಸುಳ್ಳೂ ಅಲ್ಲ. ಆದರೆ ಇಲ್ಲಿ ಹೆಚ್ಚು ಗಮನಿಸತಕ್ಕ ಅಂಶವು ಬೇರೆ. ಅಧ್ಯಾಪಕರಾಗಿದ್ದವರು ವಯಸ್ಸು ಮೂವತ್ತೆಂಟರ ಹೊತ್ತಿಗೆ ಪುನಃ ಶಿಷ್ಯಪೀಠವನ್ನೇರಿದರು. ಲಯದ ಮರ್ಮವನ್ನರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸಮಾಡಿದರು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ, ನೃತ್ಯಶಾಸ್ತ್ರವನ್ನರಿಯದೆ ಚಿತ್ರಸೂತ್ರವನ್ನು ತಿಳಿಯುವುದು ಕಷ್ಟವೆಂದು ಬೋಧಿಸಿರುವನು. ಆ ಹಳೆಯ ಮಾತು ಹೆಬ್ಬಾರರ ರೇಖೆಗಳಲ್ಲಿ ಸಪ್ರಾಣವಾಯಿತು. ಕಲಿಯುವುದನ್ನು ನಿಲ್ಲಿಸದವನೊಬ್ಬನೇ ಕಲಿಸತಕ್ಕವನೆಂಬ ನಿಯಮವು ಇದರಿಂದ ಸ್ಪಷ್ಟವಾಗುವುದು.

ಎರಡನೆಯ ದೃಷ್ಟಾಂತಗಳು ಬೆಂಗಳೂರಿನವು. ಅಲ್ಲಿ ಅ. ನ. ಸುಬ್ಬರಾಯರು 1919ರಲ್ಲಿ ‘ಕಲಾಮಂದಿರ’ವನ್ನು ಸ್ಥಾಪಿಸಿ, ಚಿತ್ರಕಲೆಯನ್ನು ಕಲಿಸುವುದರೊಡನೆ ಕಲೆಗಾಗಿಯೇ ಕನ್ನಡದಲ್ಲಿ ಮಾಸಪತ್ರಿಕೆಯನ್ನೂ ಹೊರಡಿಸಿದರು. ಅರ್ಧ ಶತಮಾನದ ತರುವಾಯ, 1960ರ ದಶಕದಲ್ಲಿ, ಬಾದಾಮಿಯ ಕಡೆಯಿಂದ ಬಂದ ಆರ್. ಎಂ. ಹಡಪದರು ಕೆನ್ ಕಲಾಶಾಲೆಯನ್ನು ಕಟ್ಟಿ ಅದರ ಭಾರವನ್ನು ಬಹುಕಾಲ ಹೊತ್ತರು. ಆ ಶಾಲೆಯಲ್ಲಿ ಕಲಿತವರಲ್ಲಿ ಶೀಲಾ ಗೌಡ ಅವರೂ ಒಬ್ಬರು. ಅವರ ಕೃತಿಗಳಲ್ಲಿ ಸಗಣಿ, ಕುಂಕುಮ, ಸೂಜಿ, ದಾರಗಳೇ ಸಾಮಗ್ರಿಗಳಾಗಿ ದೇಶವಿದೇಶಗಳ ಪ್ರದರ್ಶನಶಾಲೆಗಳನ್ನು ಸೇರಿವೆ. ತರಗತಿಯಲ್ಲಿ ಯಾರೂ ಸಗಣಿಯಿಂದ ಕೃತಿ ರಚಿಸುವುದನ್ನು ಪಾಠವಾಗಿ ಹೇಳಿಕೊಡಲಾರರು. ಗುರುವಿನ ರೇಖೆ ಶಿಷ್ಯನ ಹಾಳೆಯಲ್ಲಿ ಕಾಣಿಸದೆ, ಗುರುವಿನ ಧೈರ್ಯವು ಮಾತ್ರ ಶಿಷ್ಯನ ಬಾಳಿನಲ್ಲಿ ಕಾಣಿಸಿದರೆ ವಿದ್ಯಾಸಂಕ್ರಾಂತಿಯು ಸಫಲವಾಯಿತೆನ್ನಬೇಕು. ಶಿಷ್ಯರೆಲ್ಲರೂ ಗುರುವಿನಂತೆಯೇ ಬರೆಯತೊಡಗಿದರೆ ಅದು ಗುರುವಿಗೆ ಸ್ತುತಿಯಲ್ಲ, ನಿಂದೆ.

ಈ ಅಳತೆಯಿಂದ ಪೇಟೆಯ ಸಾಮಾನ್ಯ ತರಗತಿಗಳನ್ನು ನೋಡಿದರೆ ಮೂರು ದೋಷಗಳು ಕಣ್ಣಿಗೆ ಬೀಳುವುವು. ಮೊದಲನೆಯದು ನಕಲಿನ ದೋಷ. ತೆಂಗಿನ ಮರ, ದೋಣಿ, ಮುಳುಗುವ ಸೂರ್ಯ, ಇವು ಮೂರಿಲ್ಲದ ಮಕ್ಕಳ ಪ್ರದರ್ಶನವು ಕರಾವಳಿಯಲ್ಲಿ ಅಪರೂಪ. ಮಂಗಳೂರಿನ ಮಕ್ಕಳಿಗೆ ಕಡಲು ದೂರವಿಲ್ಲ. ಆದರೂ ಈಚೆಗೆ ಅವರು ಕಡಲನ್ನು ನೋಡಿ ಬರೆಯದೆ ಮೊಬೈಲ್ ಫೋನಿನ ಪರದೆಯನ್ನು ನೋಡಿ ಬರೆಯುವರು. ಇದರಲ್ಲಿ ನಷ್ಟವೇನೆಂದು ಕೇಳುವವರಿಗೆ ಉತ್ತರವುಂಟು. ಗುಂಡಗಿನ ತಂಬಿಗೆಯನ್ನು ಚಪ್ಪಟೆಯ ಹಾಳೆಗೆ ತರುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕೆಂದು ಕಣ್ಣು ತೀರ್ಮಾನಿಸಬೇಕಾಗುವುದು. ಆ ತೀರ್ಮಾನವೇ ಚಿತ್ರವಿದ್ಯೆಯ ಜೀವಾಳ. ಪರದೆಯ ಮೇಲಿನ ಪಟದಲ್ಲಿ ಅದನ್ನು ಯಂತ್ರವು ಮೊದಲೇ ಮಾಡಿ ಮುಗಿಸಿರುವುದರಿಂದ, ಮಗುವಿಗೆ ಉಳಿಯುವುದು ಕೈಯ ದುಡಿಮೆ ಮಾತ್ರ. ಯಶೋಧರನು ಕಾಮಸೂತ್ರದ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಂಬ ಆರು ಅಂಗಗಳನ್ನು ಹೇಳಿರುವನು. ಸಾದೃಶ್ಯವು ಆರರಲ್ಲಿ ಒಂದು ಮಾತ್ರವೆಂಬುದನ್ನು ನಕಲು ಮಾಡಿಸುವ ಗುರುಗಳು ನೆನಪಿನಲ್ಲಿಡುವುದು ಲೇಸು.

ಎರಡನೆಯದು ಪರೀಕ್ಷೆಯ ದೋಷ. ರಾಜ್ಯದಲ್ಲಿ ನಡೆಯುವ ಲೋವರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳು ಶಿಸ್ತನ್ನು ತರುವುವೆಂಬುದರಲ್ಲಿ ಸಂಶಯವಿಲ್ಲ. ಅವುಗಳನ್ನು ಹಳಿಯುವುದು ಸುಲಭ, ಅವುಗಳಿಲ್ಲದೆ ಮಕ್ಕಳನ್ನು ತರಗತಿಗೆ ಕರೆತರುವುದು ಕಷ್ಟ. ಆದರೆ ಪರೀಕ್ಷೆಯು ದಾರಿಯ ಮೈಲುಗಲ್ಲಾಗಿರದೆ ಊರೇ ಆಗಿಬಿಟ್ಟರೆ, ಪ್ರಶಸ್ತಿಪತ್ರ ಬಂದ ದಿನವೇ ಕುಂಚವು ಕಪಾಟು ಸೇರುವುದು.

ಮೂರನೆಯ ದೋಷವು ಹೇಳಲು ಸಂಕೋಚವಾಗುವಂತಹುದು. ಪ್ರದರ್ಶನದ ಹಿಂದಿನ ದಿನ ಶಿಷ್ಯನ ಚಿತ್ರವನ್ನು ಗುರುವೇ ತಿದ್ದಿ ಮೆರುಗು ಕೊಡುವುದುಂಟು. ತಂದೆತಾಯಿಗಳು ಮೆಚ್ಚುವರು, ಮುಂದಿನ ತಿಂಗಳು ಇನ್ನಿಬ್ಬರು ಸೇರುವರು. ಮಗುವಿಗೆ ಮಾತ್ರ ತನ್ನ ಕೈ ಸಾಲದೆಂಬ ಪಾಠವು ಮೌನವಾಗಿ ಸಲ್ಲುವುದು. ಅಗ್ನಿಮಿತ್ರನು ಮಾಲವಿಕೆಯನ್ನು ಕಣ್ಣಾರೆ ಕಂಡಾಗ, ಅವಳ ಚಿತ್ರವನ್ನು ಬರೆದವನ ಚಿತ್ತಸಮಾಧಿಯು ಸಡಿಲವಾಗಿದ್ದಿರಬೇಕೆಂದು ಭಾವಿಸುತ್ತಾನೆ. ಬರೆಯುವವನ ಸಮಾಧಿ ಸಡಿಲಿದರೆ ಒಂದು ಚಿತ್ರವು ಕೆಡುವುದು. ಕಲಿಸುವವನ ಸಮಾಧಿ ಸಡಿಲಿದರೆ ಕಣ್ಣುಗಳೇ ಕೆಡುವುವು.

ಇವುಗಳಿಗೆ ಪರಿಹಾರವು ಗುರುವಿನ ಸ್ವಂತ ಸಾಧನೆಯಲ್ಲಿರುವುದು. ತಾನು ಬರೆಯುತ್ತಿರುವವನು ಮಕ್ಕಳಿಗೆ ಮಾದರಿಯ ಪಟವನ್ನು ಕೊಡಬೇಕಾಗಿಲ್ಲ. ತನ್ನ ಕೆಲಸವನ್ನೇ ತೋರಿಸಬಲ್ಲನು, ಕೆಟ್ಟುಹೋದ ಹಾಳೆಯನ್ನೂ ತೋರಿಸಬಲ್ಲನು. ಕರಾವಳಿಯ ಮಳೆಗಾಲದಲ್ಲಿ ಕಾಗದವು ತೇವದಿಂದ ಉಬ್ಬಿ, ಜಲವರ್ಣದ ಮೊದಲ ಲೇಪ ಗಂಟೆಗಟ್ಟಲೆ ಆರದಿರುವಾಗ, ಹೇಗೆ ಕಾಯಬೇಕೆಂಬುದು ಪುಸ್ತಕದಲ್ಲಿ ದೊರೆಯುವ ವಿದ್ಯೆಯಲ್ಲ. ಮಳೆಯಲ್ಲಿ ತೊಯ್ದ ಹಂಚಿನ ಕೆಂಪಿಗೂ ಮುರಕಲ್ಲಿನ ಕೆಂಪಿಗೂ ಇರುವ ಭೇದವನ್ನು, ಆ ಕೆಂಪಿನೊಡನೆ ತಾನು ಹೆಣಗಾಡಿದವನು ಮಾತ್ರ ಕಾಣಿಸಿಕೊಡಬಲ್ಲನು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವನು ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಗಂಟೆಗಟ್ಟಲೆ ಇಟ್ಟುಕೊಳ್ಳುವುದನ್ನೂ, ಭೂತದ ಕೋಲದಲ್ಲಿ ಮುಖಕ್ಕೆ ಅರದಾಳ ಹಚ್ಚುವುದನ್ನೂ ಈ ಜಿಲ್ಲೆಯ ಮಕ್ಕಳು ಕಂಡಿರುವರು. ವರ್ಣಿಕಾಭಂಗದ ಪಾಠಕ್ಕೆ ಇದಕ್ಕಿಂತ ಸಮೃದ್ಧವಾದ ಮನೆಯಂಗಳ ಇನ್ನೆಲ್ಲಿ ಸಿಕ್ಕೀತು?

ಗುರುವಿನ ಹೊಣೆಯನ್ನು ಹೇಳಿದ ಮೇಲೆ ಗೃಹಸ್ಥರ ಹೊಣೆಯನ್ನೂ ಹೇಳದಿದ್ದರೆ ವಿಮರ್ಶೆಯು ಪಕ್ಷಪಾತವಾದೀತು. ಯೋಗ್ಯವಲ್ಲದ ಶಿಷ್ಯನನ್ನು ಸ್ವೀಕರಿಸುವುದು ಗುರುವಿನ ಬುದ್ಧಿಯ ಕೊರತೆಯೆಂಬ ಮಾತು ಅದೇ ನಾಟಕದಲ್ಲಿ ಬರುವುದು. ಅರಮನೆಯ ಆಚಾರ್ಯನಿಗೆ ಅದು ಸರಿ. ಬಲ್ಮಠದ ಮಾಳಿಗೆಯ ಗುರುವಿಗೆ ಪಾತ್ರವನ್ನು ಆರಿಸುವ ಸ್ವಾತಂತ್ರ್ಯವಿಲ್ಲ. ಬಂದ ಮಗುವೆಲ್ಲವೂ ಅವನಿಗೆ ಸತ್ಪಾತ್ರವೇ. ಅಂಥವನಿಂದ ಮೂರು ತಿಂಗಳೊಳಗೆ ಗೋಡೆಗೆ ತೂಗುವಂತಹ ಪಟವನ್ನು ಅಪೇಕ್ಷಿಸುವ ತಂದೆತಾಯಿಗಳೇ ಅವನನ್ನು ನಕಲಿಗೂ ತಿದ್ದುವಿಕೆಗೂ ನೂಕುವರು. ಹತ್ತನೆಯ ತರಗತಿ ಬಂದೊಡನೆ ಚಿತ್ರದ ತರಗತಿಯನ್ನು ಬಿಡಿಸುವುದು ಅನೇಕ ಮನೆಗಳಲ್ಲಿ ರೂಢಿಯಾಗಿರುವುದು. ಕಣ್ಣು ತೆರೆಯುವ ವಯಸ್ಸಿಗೆ ಸರಿಯಾಗಿ ಮಕ್ಕಳು ಹೊರಟುಹೋಗುವರು. ಗುರುವು ಪ್ರತಿವರ್ಷವೂ ಮತ್ತೆ ಮೊದಲನೆಯ ಗೆರೆಯಿಂದ ತೊಡಗುವನು. ಹೀಗೆ ಇಪ್ಪತ್ತು ವರ್ಷ ಕಳೆದ ಚಿತ್ರಕಾರನ ಸ್ವಂತ ಕುಂಚವೂ ಮೊದಲನೆಯ ಗೆರೆಯಲ್ಲಿಯೇ ನಿಂತರೆ ಆಶ್ಚರ್ಯವೇನು? ಮಗುವನ್ನು ತರಗತಿಗೆ ಕಳುಹಿಸುವ ಮನೆಯವರು ವರ್ಷಕ್ಕೊಮ್ಮೆ ಆ ಗುರುವಿನ ಚಿತ್ರಗಳನ್ನು ಹೋಗಿ ನೋಡುವುದು, ಶಕ್ತಿಯಿದ್ದರೆ ಒಂದನ್ನು ಕೊಳ್ಳುವುದು, ಮಗುವಿಗೆ ವಾರದ ಎರಡು ಗಂಟೆಗಳನ್ನು ಹತ್ತನೆಯ ತರಗತಿಯಲ್ಲಿಯೂ ಉಳಿಸಿಕೊಡುವುದು. ಇಷ್ಟು ನಡೆದರೆ ಗುರುವಿನ ಸಾಧನೆಗೂ ಮಗುವಿನ ಸಾಧನೆಗೂ ಏಕಕಾಲದಲ್ಲಿ ನೀರೆರೆದಂತಾಗುವುದು.

ಪರಿವ್ರಾಜಿಕೆಯ ಅಳತೆಗೋಲಿನ ಎರಡು ಗುಣಗಳು ಬೇರೆ ಬೇರೆಯಾಗಿ ಕಾಣಿಸಿದರೂ ಚಿತ್ರಕಾರನಲ್ಲಿ ಅವು ಒಂದೇ ಬೇರಿನವು. ತನ್ನ ಚಿತ್ರವನ್ನು ಬಿಟ್ಟವನ ಪಾಠವು ಒಣಗುವುದು. ಪಾಠದ ಮಕ್ಕಳ ಮುಂದೆ ದಿನವೂ ಮೊದಲನೆಯ ಗೆರೆಯ ಸತ್ಯವನ್ನು ಸಾಧಿಸುವವನ ಚಿತ್ರವು ಹಸಿರಾಗಿರುವುದು. ಆದಕಾರಣ ಇನ್ನು ಮುಂದೆ ಊರಿನ ಚಿತ್ರಕಾರನನ್ನು ಬೆಲೆಗಟ್ಟುವವರು ಅವನ ಪಟಗಳನ್ನು ನೋಡಿದ ಬಳಿಕ ಮಾಳಿಗೆಯ ಮೆಟ್ಟಿಲನ್ನೂ ಹತ್ತಿ, ತರಗತಿಯನ್ನೂ ಅವನ ಕೃತಿಗಳಲ್ಲೊಂದೆಂದು ಎಣಿಸಿ, ಅಷ್ಟೇ ಕಟ್ಟುನಿಟ್ಟಾಗಿ ವಿಮರ್ಶಿಸತಕ್ಕದ್ದು.