ಸುಧೀರ್ ಪಟವರ್ಧನರ ಚಿತ್ರಗಳಲ್ಲಿ ಶ್ರಮಜೀವಿ

ಕಲೆಯು ಸಾಮಾಜಿಕ ನ್ಯಾಯದ ಪಕ್ಷವನ್ನು ವಹಿಸಬೇಕಾದರೆ ಘೋಷಣೆಯನ್ನೇ ಕೂಗಬೇಕೆಂಬ ನಿಯಮವಿಲ್ಲ. ಥಾಣೆಯ ಚಿತ್ರಕಾರ ಸುಧೀರ್ ಪಟವರ್ಧನರ ಕೃತಿಗಳೇ ಇದಕ್ಕೆ ನಿದರ್ಶನ. 1949ರಲ್ಲಿ ಪುಣೆಯಲ್ಲಿ ಜನಿಸಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಅವರು 1975ರಿಂದ 2005ರವರೆಗೆ ಥಾಣೆಯಲ್ಲಿ ಕ್ಷ-ಕಿರಣ ತಜ್ಞರಾಗಿದ್ದರು. ಮಾರ್ಕ್ಸ್‌ವಾದವು ಅವರನ್ನು ಸೆಳೆದಿತ್ತು. ಆದರೂ ಅವರ ಶ್ರಮಜೀವಿ ಭಿತ್ತಿಪತ್ರದ ವೀರನಲ್ಲ, ದುಡಿದು ದಣಿದ ದೇಹವುಳ್ಳ ಮನುಷ್ಯ. 'ಟ್ರೇನ್' (1980) ಚಿತ್ರದ ಪ್ರಯಾಣಿಕರು ಡೊಂಬಿವಲಿ, ಕಲ್ಯಾಣಗಳಿಂದ ನಿತ್ಯ ಮುಂಬಯಿಗೆ ಹೋಗಿಬರುವ ಕನ್ನಡಿಗರಿಗೆ ಅಪರಿಚಿತರಲ್ಲ.

1981ರಲ್ಲಿ ಮುಂಬಯಿ, ದಿಲ್ಲಿಗಳಲ್ಲಿ ನಡೆದ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನದಲ್ಲಿ ಭೂಪೇನ್ ಖಖ್ಖರ್, ನಳಿನಿ ಮಾಲಾನಿ ಮೊದಲಾದವರೊಡನೆ ಅವರೂ ಸೇರಿ ಸಾಮಾನ್ಯ ಮನುಷ್ಯನಿಗೆ ಚಿತ್ರದಲ್ಲಿ ಸ್ಥಾನವನ್ನು ಕಲ್ಪಿಸಿದರು. ಮರುವರ್ಷವೇ ಗಿರಣಿ ಮುಷ್ಕರ ಆರಂಭವಾಯಿತು. ಕ್ರಮೇಣ ಗಿರಣಿಗಳು ಮುಚ್ಚಿದವು. 1992-93ರ ಕೋಮುಗಲಭೆಯ ತರುವಾಯ ರಚಿತವಾದ 'ರಯಟ್' (1996) ಚಿತ್ರದಲ್ಲಿ ಅಂಥ ಸಾಮಾನ್ಯ ಜನರೇ ಹಿಂಸೆಗಿಳಿಯುತ್ತಾರೆ. ಜನರನ್ನು ಪ್ರೀತಿಸಿದ ಕಲಾವಿದ ಅವರನ್ನು ದೈವವಾಗಿಸಲಿಲ್ಲ. ಅವರ ಪ್ರಾಮಾಣಿಕತೆ ಇರುವುದು ಇಲ್ಲಿಯೇ.

ಆದರೆ ಒಂದು ಕೊರತೆ ಉಳಿಯುತ್ತದೆ. ಚಿತ್ರಕ್ಕೆ ವಸ್ತುವಾದವನು ಚಿತ್ರಶಾಲೆಯ ಮೆಟ್ಟಿಲೇರುವುದು ಅಪೂರ್ವ. ಇದು ಕಲಾವಿದನೊಬ್ಬನ ದೋಷವಲ್ಲ. ಚಿತ್ರಗಳನ್ನು ಆ ಜನರ ಬಳಿಗೆ ಒಯ್ಯುವ ಹೊಣೆ ಉಪನಗರಗಳ ಸಂಘಸಂಸ್ಥೆಗಳದೂ ಹೌದು.